ನಾಗರಿಕತೆಗಳ ಜಗಳ ಅಂತ ಬರೆಯೋ ಮುಂಚೆ

ಪುಟ್ಟಿ,

ನೀನು ಕಳಿಸಿದ ಬರಹ ಓದಿದೆ. ಚೀನಾ, ರಷ್ಯಾ, ಇರಾನ್ ಎಲ್ಲಾ ಒಂದಾಗಿ ಪಶ್ಚಿಮದ ಯಜಮಾನಿಕೆ ಮುಗಿಸ್ತಿವೆ, ಇದು ನಾಗರಿಕತೆಗಳ ಜಗಳ ಅಂದಿದ್ದೀಯ. ಇಷ್ಟು ಬೇಗ ತೀರ್ಮಾನ ಮಾಡ್ಬೇಡ ಕಣೇ.

ಅವರ ಹಳೇ ನೋವು ನಿಜ, ಅದನ್ನ ಮೊದಲು ಒಪ್ಕೋ. 1839ರಲ್ಲಿ ಬ್ರಿಟನ್ ಜೊತೆ ಶುರುವಾದ ಅಫೀಮು ಯುದ್ಧದಿಂದ 1949ರ ತನಕದ ಕಾಲಾನ ಚೀನಾದವರು ಅವಮಾನದ ಶತಮಾನ ಅಂತಾರೆ. 1860ರಲ್ಲಿ ಬ್ರಿಟಿಷರು ಫ್ರೆಂಚರು ಸೇರಿ ಬೀಜಿಂಗ್‌ನ ಹಳೇ ಬೇಸಿಗೆ ಅರಮನೇನ ದೋಚಿದ್ರು, ಆಮೇಲೆ ಬ್ರಿಟಿಷರು ಅದನ್ನ ಸುಟ್ಟುಹಾಕಿದ್ರು, ಅಲ್ಲಿನ ಮುರಿದ ಕಲ್ಲುಕಂಬಗಳನ್ನ ಇವತ್ತಿಗೂ ಹಾಗೇ ಬಿಟ್ಟು ದೇಶಪ್ರೇಮದ ಪಾಠ ಅಂತ ಮಕ್ಕಳಿಗೆ ತೋರಿಸ್ತಾರೆ. ಆ ಕಂಬಗಳ ಫೋಟೋ ತೆಗೆದು ಸರಿಯಾಗಿ ನೋಡು, ಅವು ಯುರೋಪಿಯನ್ ಶೈಲಿಯವು! ಚೀನಾದ ಚಕ್ರವರ್ತಿನೇ ಆಸೆಪಟ್ಟು ಕಾಸ್ಟಿಲ್ಯೋನೆ ಅನ್ನೋ ಇಟಲಿಯ ಜೆಸ್ಯೂಟ್ ಕಲಾವಿದನ ಕೈಲಿ ವಿನ್ಯಾಸ ಮಾಡಿಸಿದ್ದು. ಚೀನೀ ಶೈಲಿಯ ಮರದ ಕಟ್ಟಡಗಳು ಬೂದಿಯಾದ್ವು, ಕಲ್ಲಿಂದು ಉಳೀತು. ಶುದ್ಧ ನಾಗರಿಕತೆ ಅಂತ ಯಾರಾದ್ರೂ ಗೆರೆ ಎಳೆದಾಗೆಲ್ಲ ನಂಗೆ ಇದೇ ನೆನಪಾಗೋದು.

ರಷ್ಯಾದ ದಿಗಿಲಿಗೂ ಕಾರಣ ಇದೆ, 1812ರಲ್ಲಿ ನೆಪೋಲಿಯನ್ 1941ರಲ್ಲಿ ಹಿಟ್ಲರ್ ನುಗ್ಗಿದ್ದು ಪಶ್ಚಿಮದ ಬಯಲಿನ ಕಡೆಯಿಂದಲೇ, ಹಾಗಾಗಿ ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟ ನ್ಯಾಟೋ ಪೂರ್ವಕ್ಕೆ ಸರಿದಾಗೆಲ್ಲ ಮಾಸ್ಕೋಗೆ ನಿದ್ದೆ ಬರಲ್ಲ. ಅಷ್ಟಕ್ಕೇ ಪಕ್ಕದ ದೇಶಕ್ಕೆ ನುಗ್ಗೋಕೆ ಲೈಸೆನ್ಸ್ ಸಿಕ್ಕಂಗಾಗಲ್ಲ. 2023ರ ವಿದೇಶಾಂಗ ನೀತಿಯಲ್ಲಿ ರಷ್ಯಾ ತಾನೊಂದು ನಾಗರಿಕತಾ ರಾಷ್ಟ್ರ, ಅಂದ್ರೆ ಬರೀ ದೇಶ ಅಲ್ಲ ತಾನೇ ಒಂದು ನಾಗರಿಕತೆ ಅಂತ ಬರ್ಕೊಂಡಿದೆ, ಬಾಂಬ್ ಹಾಕ್ತಿರೋದು ಮಾತ್ರ ತನ್ನ ಥರಾನೇ ಆರ್ಥೊಡಾಕ್ಸ್ ಚರ್ಚಿಗೆ ಹೋಗೋ ಉಕ್ರೇನ್ ಜನರ ಮೇಲೆ. ಚೀನಾನೂ ಅಷ್ಟೇ, 1979ರಲ್ಲಿ ದಂಡೆತ್ತಿ ಹೋಗಿದ್ದು ತನ್ನ ಥರಾನೇ ಕನ್‌ಫ್ಯೂಷಿಯಸ್ ಪರಂಪರೆಯದೇ ಆದ ವಿಯೆಟ್ನಾಂ ಮೇಲೆ. ಹಳೇ ನೋವನ್ನ ಯಾವಾಗ ಎತ್ತಬೇಕು ಯಾವಾಗ ಮುಚ್ಚಿಡಬೇಕು ಅಂತ ಆರಿಸೋರು ಅಧಿಕಾರದಲ್ಲಿರೋರು, ಅದನ್ನ ನೀನು ಬಿಟ್ಟೇಬಿಟ್ಟಿದ್ದೀಯ.

ಇನ್ನೊಂದು, ಪಶ್ಚಿಮದ ಮೇಲಿರೋ ಸಿಟ್ಟಿಗೆಲ್ಲ ನಾಗರಿಕತೆ ಬೇಕಾಗಿಲ್ಲ. ದೇಶಗಳಿಗೆ ಸಾಲ ಕೊಡೋ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಲ್ಲಿ ದೊಡ್ಡ ಬದಲಾವಣೆ ಆಗ್ಬೇಕಂದ್ರೆ 85% ಮತ ಬೇಕು, ಅಮೆರಿಕ ಒಂದರ ಹತ್ರಾನೇ 16%ಗಿಂತ ಜಾಸ್ತಿ ಇದೆ, ಅದು ಬೇಡ ಅಂದ್ರೆ ಮುಗೀತು. ಇದು ಯಾರಿಗಾದ್ರೂ ಅನ್ಯಾಯ ಅನ್ಸುತ್ತೆ. ಅದೇ ಚೀನಾ ವಿಶ್ವಸಂಸ್ಥೆಯ ತನ್ನ ವೀಟೋನ ಬಿಟ್ಟುಕೊಡೋ ಮಾತೇ ಆಡಲ್ಲ, ನೋಡು.

2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ರಷ್ಯಾ ಉಕ್ರೇನ್‌ನಿಂದ ಸೇನೆ ವಾಪಸ್ ತಗೋಬೇಕು ಅನ್ನೋ ನಿರ್ಣಯ ಮತಕ್ಕೆ ಬಂತಲ್ಲ, ಆ ಪಟ್ಟಿ ತೆಗಿ. ಪರ 141, ವಿರೋಧ ಬರೀ 5, ತಟಸ್ಥ 35. ನೀನು ಒಂದೇ ಗುಂಪು ಅಂದ ಚೀನಾ, ಇರಾನ್ ಎರಡೂ ರಷ್ಯಾ ಜೊತೆ ಕೈ ಎತ್ತಲಿಲ್ಲ, ತಟಸ್ಥ ಉಳಿದ್ವು, ಭಾರತಾನೂ ಅಲ್ಲೇ ಇತ್ತು, ಒಬ್ಬೊಬ್ಬರದು ಒಂದೊಂದು ಕಾರಣ. ಆ ಕಾರಣಗಳನ್ನ ಹುಡುಕಿ ಬರಹದ ಎರಡನೇ ಅರ್ಧ ಮತ್ತೆ ಬರಿ, ಬರೆದು ಕಳಿಸು, ಓದ್ತೀನಿ.

ನಿನ್ನ ದೊಡ್ಡಪ್ಪ