ಧಾಟಿ ಹಾಕಿದವರ ಹೆಸರನ್ನೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಒಬ್ಬ ಹುಡುಗ ‘ಸೋರುತಿಹುದು ಮನೆಯ ಮಾಳಿಗಿ’ ಹಾಡಿದ. ಚೆನ್ನಾಗಿಯೇ ಹಾಡಿದ. ಅದಕ್ಕೂ ಮುಂಚೆ ನಿರೂಪಣೆ ಮಾಡುತ್ತಿದ್ದವರು ‘ಈಗ ಒಂದು ಜನಪದ ಗೀತೆ’ ಎಂದರು. ಪದ ಬರೆದ ಶಿಶುನಾಳ ಶರೀಫರ ಹೆಸರೂ ಇಲ್ಲ, ಧಾಟಿ ಹಾಕಿ ಹಾಡಿದ ಸಿ. ಅಶ್ವಥ್ ಹೆಸರೂ ಇಲ್ಲ. ಆದರೆ ‘ಅಜ್ಞಾನದಿಂದ’ ಅನ್ನುವಲ್ಲಿ ಆ ಹುಡುಗ ದನಿ ಎಳೆದದ್ದು ಥೇಟ್ ಅಶ್ವಥ್ ಥರವೇ.

ದಾವಣಗೆರೆಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಈಗ ಅದೇ ಮಳಿಗೆಯಲ್ಲಿ ಮೊಬೈಲ್ ರೀಚಾರ್ಜ್ ಮಾಡುತ್ತೇನೆ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಅದರ ಸಂಗೀತ ಅಶ್ವಥ್ ಅವರದು. ‘ಆ ಸೋರುತಿಹುದು ಕ್ಯಾಸೆಟ್ ಕೊಡ್ರಿ’ ಅಂತ ಕೇಳಿಕೊಂಡು ಬರುತ್ತಿದ್ದರು ಜನ. ಹೆಸರು ಕೇಳುವವರು ಆಗಲೂ ಕಡಿಮೆಯೇ. ಆದರೆ ಕವರ್ ಮೇಲೆ ಅಚ್ಚಾಗಿರುತ್ತಿತ್ತಲ್ಲ, ಕಣ್ಣಿಗಾದರೂ ಬೀಳುತ್ತಿತ್ತು.

ಇನ್ನೊಂದು ಮಾತು. ನನ್ನ ಸೋದರಮಾವ ಹಾವೇರಿ ಕಡೆಯವರು, ಭಜನಿ ಮೇಳದಲ್ಲಿ ಏಕತಾರಿ ಹಿಡಿದು ಶರೀಫರ ಪದ ಹಾಡುತ್ತಿದ್ದರು. ಅವರ ಧಾಟಿಯೇ ಬೇರೆ. ನಿಧಾನ, ಮಾತಾಡಿದ ಹಾಗೆ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅಲ್ಲಿಂದ ಬಾಯಿಂದ ಬಾಯಿಗೆ ಬಂದ ಧಾಟಿಗಳು ಊರಿಗೊಂದು ಇದ್ದವು. ಹೋದ ವರ್ಷ ಮಾವನ ಊರಿಗೆ ಹೋಗಿದ್ದೆ. ಮೇಳದ ಹೊಸ ಹುಡುಗರು ಅಶ್ವಥ್ ಧಾಟಿಯಲ್ಲೇ ಹಾಡುತ್ತಿದ್ದಾರೆ! ಮಾವನ ಧಾಟಿ ಯಾರಿಗೂ ಬಾರದು. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಅಶ್ವಥ್ ಅಭಿಮಾನಿಯಾದ ನಾನೇ ಇದನ್ನು ಹೇಳಬೇಕಲ್ವಾ?

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು. ತೀರಿಕೊಂಡಿದ್ದು 2009ರಲ್ಲಿ, ಅದೇ ಡಿಸೆಂಬರ್ 29ರಂದು. ಪ್ರತಿ ವರ್ಷ ಆ ದಿನ ಮೊಬೈಲ್ ತುಂಬ ಅವರ ಫೋಟೋ ಓಡಾಡುತ್ತವೆ. ಉಳಿದ ದಿನ ಹಾಡು ಓಡಾಡುತ್ತದೆ, ಹೆಸರು ಮಾತ್ರ ಇರುವುದಿಲ್ಲ. ಆರ್ಕೆಸ್ಟ್ರಾದವರು ‘ಕಾಣದ ಕಡಲಿಗೆ’ ಹಾಡುವಾಗ ಅವರ ಏರುದನಿಯನ್ನಷ್ಟೇ ಹಿಡಿಯುತ್ತಾರೆ. ಜಿ.ಎಸ್. ಶಿವರುದ್ರಪ್ಪನವರ ಸಾಲು ಮುಗಿದ ಮೇಲೆ ಅಶ್ವಥ್ ಒಂದು ಗಳಿಗೆ ಸುಮ್ನೆ ನಿಲ್ಲುತ್ತಿದ್ದರಲ್ಲ, ಅದನ್ನು ಯಾರೂ ಹಿಡಿಯುವುದಿಲ್ಲ.

ಆಕಾಶವಾಣಿಯಲ್ಲಿ ಭಾವಗೀತೆ ಹಾಕುವ ಮುಂಚೆ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳುವುದನ್ನು ಕೇಳಿಯೇ ನಾವೆಲ್ಲ ಹೆಸರು ಕಲಿತದ್ದು. ಹತ್ತು ಸೆಕೆಂಡಿನ ಕೆಲಸ. ಸನ್ಮಾನ, ಶಾಲು, ಹಾರಕ್ಕೆ ಅರ್ಧ ಗಂಟೆ ಕೊಡುವ ಸಂಘದವರು ಇಷ್ಟು ಮಾಡಲಿ. ಹೆಸರು ಗೊತ್ತಿಲ್ಲದಿದ್ದರೆ ನನ್ನ ಅಂಗಡಿಯ ಅಟ್ಟದ ಮೇಲೆ ಹಳೇ ಕ್ಯಾಸೆಟ್ ಕವರ್‌ಗಳ ಎರಡು ಡಬ್ಬ ಇವೆ. ಬಂದು ಓದಿಕೊಂಡು ಹೋಗಬಹುದು. ಭಾನುವಾರ ರಜೆ.

– ಹಳೇ ಕ್ಯಾಸೆಟ್ ಅಂಗಡಿಯವ, ದಾವಣಗೆರೆ