ಬೀದಿಯನ್ನು ಮೊದಲು ನೋಡು, ಮನೆಯನ್ನು ಆಮೇಲೆ

ಜಯನಗರ, ಬೆಂಗಳೂರು

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಹಾಸನದ ಮನೆ ಖಾಲಿ ಮಾಡಿ ಬೆಂಗಳೂರಿಗೆ ಬರುವುದು ನಿಶ್ಚಯವಾಯಿತೆಂದು ನಿನ್ನ ಅಮ್ಮ ತಿಳಿಸಿದಳು. ಅಳಿಯಂದಿರು ಕಳುಹಿಸಿದ ಮೂರು ಮನೆಗಳ ಫೋಟೋಗಳನ್ನೂ ನೋಡಿದೆ. ಅಡುಗೆಮನೆಯ ಕಲ್ಲು, ಕಪಾಟು, ಬಾಲ್ಕನಿ ಎಲ್ಲವೂ ಕಾಣುತ್ತವೆ; ಆದರೆ ಒಂದರಲ್ಲಿಯೂ ಮನೆಯ ಮುಂದಿನ ಬೀದಿ ಕಾಣುವುದಿಲ್ಲ. ನೀನು ರಾತ್ರಿ ಒಂಬತ್ತೂವರೆಗೆ ಕೆಲಸ ಮುಗಿಸಿ ಬರುವವಳು, ಮನೆಯಲ್ಲಿ ಐದು ವರ್ಷದ ಮಗುವಿದೆ. ಆದ್ದರಿಂದ ಮೂರರಲ್ಲಿ ಯಾವುದು ಚೆನ್ನಾಗಿದೆ ಎಂಬ ನಿನ್ನ ಪ್ರಶ್ನೆಗೆ ಬೀದಿಯನ್ನು ನೋಡದೆ ನಾನು ಉತ್ತರ ಹೇಳಲಾರೆ.

ಮೊದಲು ನೀರಿನ ವಿಷಯ. ಬೆಂಗಳೂರು ದಿಬ್ಬದ ಮೇಲಿನ ಊರು, ಇಲ್ಲಿಗೆಲ್ಲಿಯ ಪ್ರವಾಹ ಎಂದು ಹೊರಗಿನವರು ಭಾವಿಸುವುದುಂಟು. ದಿಬ್ಬದ ಮೇಲೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ, ವೃಷಭಾವತಿ ಕಣಿವೆಗಳಿಗೆ ಇಳಿದು, ರಾಜಕಾಲುವೆಗಳ ಮೂಲಕ ಒಂದು ಕೆರೆ ತುಂಬಿ ಮುಂದಿನ ಕೆರೆಗೆ ಹರಿಯುವಂತೆ ಹಿಂದಿನವರು ಏರ್ಪಾಡು ಮಾಡಿದ್ದರು. ಆ ಕೆರೆಗಳಲ್ಲಿ ಎಷ್ಟೋ ಈಗ ಇಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಹೋದರೂ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಲ್ಲಿದ್ದವರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಬಾಡಿಗೆ ಹೆಚ್ಚಿದ್ದರೆ ಸುರಕ್ಷಿತವೆಂದು ತಿಳಿಯಬೇಡ.

ನಮಗೂ ಇದರ ಅನುಭವವಿದೆ. ನೀನಿನ್ನೂ ಚಿಕ್ಕವಳಿದ್ದಾಗ ನಾವು ಬಾಡಿಗೆಗಿದ್ದ ನೆಲಮಾಳಿಗೆಯ ಮನೆಯಲ್ಲಿ ಒಂದು ರಾತ್ರಿ ನೀರು ಬಾಗಿಲಿನಿಂದ ಬರಲಿಲ್ಲ, ಬಚ್ಚಲಿನ ತೂಬಿನಿಂದ ಉಕ್ಕಿತು. ನಾನು ಗೋಣಿಚೀಲಕ್ಕೆ ಮರಳು ತುಂಬಿ ತೂಬಿನ ಮೇಲೆ ಹೇರುತ್ತಿದ್ದರೆ, ನಿನ್ನ ದೊಡ್ಡಮ್ಮ ಮೊಣಕಾಲುದ್ದದ ಕೊಳಕು ನೀರಿನಲ್ಲಿ ನಿಂತು ಅಕ್ಕಿಯ ಡಬ್ಬಗಳನ್ನು ಅಟ್ಟಕ್ಕೆ ಏರಿಸುತ್ತಿದ್ದಳು. ಮನೆ ತೋರಿಸುವಾಗ ಮಾಲೀಕರು ಇದರ ಸುಳಿವೇ ಕೊಟ್ಟಿರಲಿಲ್ಲ. ಆದರೆ ಗೋಡೆ ಹೇಳಿತ್ತು, ನಾವು ಗಮನಿಸಲಿಲ್ಲ: ಮೊಣಕಾಲಿನ ಮಟ್ಟದವರೆಗೆ ಮಾತ್ರ ಹೊಸ ಬಣ್ಣ, ಆ ಬಣ್ಣದ ಅಡಿಯಲ್ಲಿ ಆಗಲೇ ಉಬ್ಬಿ ಉದುರುತ್ತಿದ್ದ ಗಾರೆ.

ನೀನು ಇಂಥವನ್ನೇ ಹುಡುಕು. ಗೇಟಿನ ಎರಡು ಪಕ್ಕದಲ್ಲಿ ನೀರು ತಡೆಯುವ ತಗಡು ಇಳಿಸಲು ಸೀಳುಗಳಿವೆಯೇ, ಕರೆಂಟ್ ಮೀಟರನ್ನು ಎಂದಿನದಕ್ಕಿಂತ ಎತ್ತರಕ್ಕೆ ಏರಿಸಿದ್ದಾರೆಯೇ, ರಸ್ತೆಗಿಂತ ಮನೆಯ ಹೊಸಿಲು ತಗ್ಗಿನಲ್ಲಿದೆಯೇ, ಸಂಪಿನ ಮುಚ್ಚಳ ನೆಲಕ್ಕೆ ಸಮನಾಗಿದೆಯೇ ಎಂದು ನೋಡು. ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಮತ್ತು ನಕ್ಷೆ ಸಿಗುತ್ತವೆ. ಹತ್ತಿರದಲ್ಲಿ ಕೆರೆಯೋ ಕಾಲುವೆಯೋ ಇದೆಯೇ ಎಂದು ಅಳಿಯಂದಿರು ಪರಿಶೀಲಿಸಲಿ. ಎಲ್ಲಕ್ಕಿಂತ ಮಿಗಿಲಾಗಿ, ಮಾಲೀಕರನ್ನಾಗಲಿ ಬ್ರೋಕರನ್ನಾಗಲಿ ಕೇಳದೆ, ಎದುರಿನ ಇಸ್ತ್ರಿಯವರನ್ನು ಕೇಳು. ವರ್ಷಗಟ್ಟಲೆ ಅದೇ ಮೂಲೆಯಲ್ಲಿ ಗಾಡಿ ನಿಲ್ಲಿಸಿಕೊಂಡವರಿಗೆ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂಬುದು ಕೈ ತೋರಿಸಿ ಹೇಳುವಷ್ಟು ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು ನಿನ್ನ ರಾತ್ರಿಯ ದಾರಿ. ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೋಗಿ ನೋಡಿದರೆ ಯಾವ ಬಡಾವಣೆಯೂ ಚೆನ್ನಾಗಿಯೇ ಕಾಣುತ್ತದೆ. ವಾರದ ನಡುವಿನ ಒಂದು ದಿನ, ನೀನು ನಿಜವಾಗಿ ಬರುವ ಹೊತ್ತಿಗೇ, ಮೆಟ್ರೋ ನಿಲ್ದಾಣದಿಂದಲೋ ಬಸ್ ಸ್ಟಾಪಿನಿಂದಲೋ ಮನೆಯ ಗೇಟಿನವರೆಗೆ ಅಳಿಯಂದಿರ ಜೊತೆ ನಡೆದು ನೋಡು. ಬೀದಿದೀಪಗಳು ಉರಿಯುತ್ತಿವೆಯೇ, ಮೆಡಿಕಲ್ ಸ್ಟೋರ್, ಕಾಂಡಿಮೆಂಟ್ಸ್, ಹೂವಿನ ಅಂಗಡಿ ಯಾವ ಹೊತ್ತಿನವರೆಗೆ ತೆರೆದಿರುತ್ತವೆ, ಫುಟ್‌ಪಾತಿನ ಚಪ್ಪಡಿಗಳು ಸರಿಯಿವೆಯೇ ಎಂಬುದನ್ನು ಕಣ್ಣಾರೆ ಕಾಣು. ಗಿಡಗಂಟಿ ಬೆಳೆದ ಖಾಲಿ ಸೈಟುಗಳು ಸಾಲಾಗಿದ್ದು ಅಲ್ಲಿ ಬಾಟಲಿಗಳು ಬಿದ್ದಿದ್ದರೆ, ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಬೀದಿಯಲ್ಲಿ ಹೆಂಗಸರು, ವಯಸ್ಸಾದವರು ಆ ಹೊತ್ತಿನಲ್ಲಿ ನಿಶ್ಚಿಂತೆಯಿಂದ ನಡೆದಾಡುತ್ತಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ಪಕ್ಕದಲ್ಲಿ ಹುಡುಗಿಯರ ಪಿ.ಜಿ. ಇದ್ದರೆ ಅವರನ್ನು ಮಾತನಾಡಿಸು. ಯಾವ ತಿರುವನ್ನು ತಾವು ತಪ್ಪಿಸುತ್ತೇವೆಂದು ಅವರು ನಿನಗೆ ನೇರವಾಗಿ ಹೇಳುತ್ತಾರೆ. ಠಾಣೆ ಎಷ್ಟು ದೂರವೆಂದು ತಿಳಿದುಕೋ, ತುರ್ತು ಸಹಾಯದ ಸಂಖ್ಯೆ 112ನ್ನು ಫೋನಿನಲ್ಲಿ ಉಳಿಸಿಕೋ.

ಅಲ್ಲಿ ಬೇರೆ ಭಾಷೆಯವರೇ ಹೆಚ್ಚು, ಕೂಲಿಯವರು ಹತ್ತಿರದಲ್ಲಿದ್ದಾರೆ, ಆದ್ದರಿಂದ ಜಾಗ ಸರಿಯಿಲ್ಲ ಎಂದು ಬ್ರೋಕರುಗಳು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ನಲವತ್ತು ವರ್ಷ ಈ ಊರಿನಲ್ಲಿದ್ದೇನೆ. ನಮ್ಮ ಕಷ್ಟಕ್ಕೆ ಮೊದಲು ಓಡಿಬಂದವರು ಅಂಥವರೇ.

ಮಗುವಿಗಾಗಿ ಇನ್ನೆರಡು ಮಾತು. ಬಾಲ್ಕನಿ, ತಾರಸಿಗಳ ಕಟಾಂಜನ ಎತ್ತರವಾಗಿರಲಿ, ಕೈಗೆಟಕುವಷ್ಟು ಹತ್ತಿರ ವಿದ್ಯುತ್ ತಂತಿ ಹಾದುಹೋಗಿರುವ ಮನೆ ಖಂಡಿತ ಬೇಡ. ಅಪಾರ್ಟ್‌ಮೆಂಟಾದರೆ ಮೆಟ್ಟಿಲುಗಳ ಮೇಲೆ ಸಾಮಾನು ತುಂಬಿರಬಾರದು; ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ, ಇಳಿಯಲು ಇರುವುದು ಅದೊಂದೇ ದಾರಿ.

ಇಷ್ಟೂ ಆಗುವವರೆಗೆ ಟೋಕನ್ ಅಡ್ವಾನ್ಸ್ ಎಂದು ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟ ಮೇಲೆ ಆ ಹಣದ ಮುಖ ನೋಡಿ ಮನಸ್ಸು ದೋಷಗಳನ್ನು ಸಣ್ಣದು ಮಾಡಿಕೊಳ್ಳುತ್ತದೆ. ಮುಂದಿನ ಬುಧವಾರ ಸಂಜೆಯೇ ಹೊರಟು ಬಾ. ಮೂರೂ ಮನೆಗಳ ವಿಳಾಸ ಬರೆದುಕೊಂಡು ಬಾ, ಟಾರ್ಚ್ ಹಿಡಿದು ನಾನೂ ಜೊತೆಗೆ ನಡೆಯುತ್ತೇನೆ. ರಾತ್ರಿ ಊಟಕ್ಕೆ ನಮ್ಮಲ್ಲಿಗೇ ಬರಬೇಕೆಂದು ದೊಡ್ಡಮ್ಮ ಹೇಳಿದ್ದಾಳೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ