ಚಾರ್ಜರ್ ಸ್ವಲ್ಪ ಕಾಯಲಿ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ಕಾರುಗಳು ಜಾಸ್ತಿಯಾದರೆ ಕರೆಂಟ್ ಸಾಲುವುದಿಲ್ಲ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಎಷ್ಟು ಕರೆಂಟ್ ಬೇಕು ಅನ್ನುವುದಕ್ಕಿಂತ ಯಾವ ಹೊತ್ತಿಗೆ ಬೇಕು ಅನ್ನುವುದೇ ದೊಡ್ಡ ಪ್ರಶ್ನೆ ಎಂದು ನನಗನಿಸುತ್ತದೆ.

ನನ್ನದೇ ಲೆಕ್ಕ ಹೇಳುತ್ತೇನೆ. ದಿನಕ್ಕೆ ಸುಮಾರು 40 ಕಿ.ಮೀ. ಓಡಿಸುತ್ತೇನೆ. ಅದಕ್ಕೆ ಆರೇಳು ಯೂನಿಟ್ ಸಾಕು. ಮನೆಯ 7 ಕಿಲೋವಾಟ್ ಚಾರ್ಜರ್‌ಗೆ ಅದು ಒಂದು ಗಂಟೆಯ ಕೆಲಸ. ಸಂಜೆ 7ಕ್ಕೆ ನಿಲ್ಲಿಸಿದ ಕಾರು ಬೆಳಿಗ್ಗೆ 7ರವರೆಗೆ ಅಲ್ಲೇ ಇರುತ್ತದೆ. ಆ ಹನ್ನೆರಡು ಗಂಟೆಯಲ್ಲಿ ಯಾವುದೋ ಒಂದು ಗಂಟೆ ಸಿಕ್ಕರೆ ಆಯ್ತು, ಅಲ್ವಾ? ಆದರೆ ಸಾಮಾನ್ಯ ಚಾರ್ಜರ್ ಪ್ಲಗ್ ಹಾಕಿದ ಕೂಡಲೇ ಶುರು ಮಾಡಿಬಿಡುತ್ತದೆ. ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ, ಅಡುಗೆ, ಟಿವಿ. ಸೋಲಾರ್ ಆಗಲೇ ನಿಂತಿರುತ್ತದೆ. ಒಂದು ಬೀದಿಯಲ್ಲಿ ಹತ್ತು ಕಾರು ಒಟ್ಟಿಗೆ ಚಾರ್ಜ್ ಆದರೆ 70 ಕಿಲೋವಾಟ್. ಅಲ್ಲಿನ ಟ್ರಾನ್ಸ್‌ಫಾರ್ಮರ್‌ಗೆ ಅದು ಸಣ್ಣ ಹೊರೆಯಲ್ಲ.

ರಾತ್ರಿ ದರ ಇಳಿಸಿದರೆ ಸಾಕು ಎನ್ನುವವರಿದ್ದಾರೆ. ಅದರಲ್ಲೂ ಒಂದು ತೊಡಕಿದೆ. ಅಗ್ಗದ ದರ 11ಕ್ಕೆ ಶುರುವಾದರೆ ಎಲ್ಲರ ಟೈಮರೂ 11ಕ್ಕೇ ಆನ್ ಆಗುತ್ತದೆ. ಸಂಜೆಯ ಬೇಡಿಕೆಯ ಏರಿಕೆ ತಪ್ಪಿತು, ರಾತ್ರಿ ಹೊಸದೊಂದು ಹುಟ್ಟಿತು. ಬ್ರಿಟನ್ ಇದನ್ನು ಮೊದಲೇ ಯೋಚಿಸಿದೆ. 2022ರ ಜೂನ್ 30ರಿಂದ ಅಲ್ಲಿ ಮನೆ, ಕಚೇರಿಗೆ ಮಾರುವ ಹೊಸ ಚಾರ್ಜರ್‌ಗಳು ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ ರಾತ್ರಿ 10ರ ಹೊತ್ತನ್ನು ತಪ್ಪಿಸುವಂತೆ ಮೊದಲೇ ಹೊಂದಿಸಿರಬೇಕು. ಜೊತೆಗೆ ಎಲ್ಲವೂ ಒಟ್ಟಿಗೆ ಆನ್ ಆಗದಂತೆ, ಪ್ರತಿ ಚಾರ್ಜರ್ ಲಾಟರಿ ಎತ್ತಿದಂತೆ 10 ನಿಮಿಷದೊಳಗೆ ತನಗೆ ಬಂದಷ್ಟು ತಡ ಮಾಡಿ ಶುರುವಾಗುತ್ತದೆ. ಬೇಡವಾದರೆ ಮಾಲೀಕರು ಬದಲಿಸಿಕೊಳ್ಳಬಹುದು. ಈ ಸಣ್ಣ ತಡ ನನಗೆ ತುಂಬಾ ಹಿಡಿಸಿತು. ಯಾರಿಗೂ ಗೊತ್ತೇ ಆಗುವುದಿಲ್ಲ, ಆದರೆ ಗ್ರಿಡ್‌ಗೆ, ಅಂದರೆ ವಿದ್ಯುತ್ ಜಾಲಕ್ಕೆ, ಒಮ್ಮೆಲೇ ಏಟು ಬೀಳುವುದಿಲ್ಲ.

ಹೀಗೆ ಗ್ರಿಡ್‌ನ ಸ್ಥಿತಿ ನೋಡಿಕೊಂಡು ಚಾರ್ಜ್ ಮಾಡುವುದಕ್ಕೆ ಸ್ಮಾರ್ಟ್ ಚಾರ್ಜಿಂಗ್ ಎನ್ನುತ್ತಾರೆ. ಅದು ಬರೀ ತಡ ಮಾಡುವುದಲ್ಲ. ಇಷ್ಟು ದಿನ ಬೇಡಿಕೆ ಏರಿದಾಗ ವಿದ್ಯುತ್ ಕೇಂದ್ರಗಳು ಉತ್ಪಾದನೆ ಏರಿಸುತ್ತಿದ್ದವು. ಬಿಸಿಲು, ಗಾಳಿ ನಾವು ಹೇಳಿದಂತೆ ಕೇಳುವುದಿಲ್ಲ. ಹಾಗಾಗಿ ಬಳಕೆಯೇ ಸ್ವಲ್ಪ ಹೊಂದಿಕೊಳ್ಳಬೇಕು. ಮಧ್ಯಾಹ್ನ ಸೋಲಾರ್ ಹೇರಳವಾಗಿದ್ದಾಗ ಕಚೇರಿಯ ಬಳಿ ನಿಂತ ಕಾರುಗಳು ತುಂಬಿಕೊಳ್ಳಲಿ. ಬೇಡಿಕೆಗೆ ಉತ್ಪಾದನೆ ಸಾಲದೆ ಗ್ರಿಡ್‌ನ ಫ್ರೀಕ್ವೆನ್ಸಿ (ಕರೆಂಟ್‌ನ ಕಂಪನದ ವೇಗ) ಇಳಿದಾಗ ಚಾರ್ಜರ್ 32 ಆಂಪಿಯರ್‌ನಿಂದ 6ಕ್ಕೆ ಇಳಿಯಲಿ. ಸೆಕೆಂಡುಗಳಲ್ಲಿ ಆಗುವ ಕೆಲಸ ಅದು. ಕಾರಿನಿಂದ ಗ್ರಿಡ್‌ಗೆ ಕರೆಂಟ್ ವಾಪಸ್ ಕೊಡುವ ವಿಧಾನವೂ ಇದೆ, ಆದರೆ ಅದಕ್ಕೆ ಬೇರೆಯೇ ಚಾರ್ಜರ್ ಮತ್ತು ಒಪ್ಪುವ ಕಾರು ಬೇಕು. ಅದಕ್ಕಾಗಿ ಸುಮ್ನೆ ಕಾಯುತ್ತಾ ಕೂರಬೇಕಿಲ್ಲ.

ನನ್ನ ಚಾರ್ಜರ್‌ನಲ್ಲಿ ಸಮಯ ಹೊಂದಿಸುವ ಸೌಲಭ್ಯವಿದೆ ಎಂದು ನನಗೆ ತಿಳಿದದ್ದೇ ಎಂಟು ತಿಂಗಳ ನಂತರ. ಹಾಕಿಕೊಟ್ಟವರು ಹೇಳಲೇ ಇಲ್ಲ. ಜನರ ನೆನಪು, ಆಸಕ್ತಿಯ ಮೇಲೆ ಇದನ್ನು ಬಿಟ್ಟರೆ ಆಗುವುದೇ ಹೀಗೆ. ಆದ್ದರಿಂದ ನಿಯಮ ಮಾಡುವವರಲ್ಲಿ ನನ್ನ ಕೋರಿಕೆ: ಚಾರ್ಜರ್ ಕಾರ್ಖಾನೆಯಿಂದಲೇ ಸ್ಮಾರ್ಟ್ ಆಗಿ ಬರಲಿ. "ಬೆಳಿಗ್ಗೆ ಇಷ್ಟು ಹೊತ್ತಿಗೆ ಕಾರು ಬೇಕು" ಎಂದಷ್ಟೇ ನಾವು ಹೇಳುವಂತಿರಲಿ. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದವರಿಗೆ "ಈಗಲೇ ಚಾರ್ಜ್ ಮಾಡು" ಎಂಬ ಬಟನ್ ಕೈಗೆಟುಕುವಂತಿರಲಿ. ಮಾರಿದ ಕಂಪನಿ ಮುಚ್ಚಿದರೂ ಚಾರ್ಜರ್ ಕೆಲಸ ಮಾಡಲು ಒಸಿಪಿಪಿಯಂಥ (ಯಾವುದೇ ಕಂಪನಿಯ ಚಾರ್ಜರ್ ಬೇರೆ ಕಂಪನಿಯ ನಿಯಂತ್ರಣ ವ್ಯವಸ್ಥೆಯೊಂದಿಗೂ ಮಾತಾಡಲು ಇರುವ ಸಾಮಾನ್ಯ ಭಾಷೆ) ಮುಕ್ತ ವ್ಯವಸ್ಥೆ ಕಡ್ಡಾಯವಾಗಲಿ.

ಇಂತಿ,
ಎಲೆಕ್ಟ್ರಿಕ್ ಕಾರು ಓಡಿಸುವ ಓದುಗ